ಗರಿಕೆ ಹಾಕಿದ ಹಾಲು

ಹಾಲು ಕೊಡುವ ಮಾತನ್ನು ಮೊದಲು ಆಡಿದ್ದು ಶೈನಿಯಲ್ಲ, ಅವಳ ಅಮ್ಮ ಜಯಮೇರಿ. ಅದೂ ಮಗಳನ್ನು ಒಂದು ಮಾತು ಕೇಳದೆ. ಕೃಷ್ಣಮೂರ್ತಿಪುರಂನ ಒಂದು ಮನೆಯ ಬಚ್ಚಲಲ್ಲಿ, ಸೀರೆಯನ್ನು ಮಂಡಿಯವರೆಗೆ ಎತ್ತಿ ಕಟ್ಟಿ, ಹಂಡೆಯ ಹಬೆಗೆ ಮುಖ ಕೊಟ್ಟು ಕೂತಿದ್ದಾಗ ಅವಳ ಬಾಯಿಂದ ಆ ಮಾತು ಜಾರಿತು.

ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು, ಕೂಸುಗಳನ್ನು ಮೀಯಿಸುವುದು ಜಯಮೇರಿಯ ಕೆಲಸ. ಕೆಸರೆಯಿಂದ ಬೆಳಗಿನ ಬಸ್ಸು ಹಿಡಿದು ಹೋಗುತ್ತಾಳೆ. ಬಚ್ಚಲ ಕಲ್ಲಿನ ಮೇಲೆ ಕಾಲು ನೀಡಿ ಕೂತು, ಕೂಸನ್ನು ಮುಂಗಾಲಿನ ಮೇಲೆ ಬೋರಲು ಮಲಗಿಸಿ, ಬಿಸಿನೀರು ಹೊಯ್ಯುತ್ತಾಳೆ. ಆ ನೀರು ಮೊದಲು ಅವಳ ಚರ್ಮವನ್ನು ಸುಟ್ಟು, ಆಮೇಲೆ ಕೂಸಿಗೆ ಹಿತವಾಗುತ್ತದೆ. ಅವಳ ಕಾಲಿನ ಮೇಲೆ ಹೀಗೆ ಅತ್ತು ಉಚ್ಚೆ ಹೊಯ್ದವರಲ್ಲಿ ಈಗ ಡಾಕ್ಟರಿದ್ದಾರೆ, ವಕೀಲರಿದ್ದಾರೆ, ಒಬ್ಬ ಕಾರ್ಪೊರೇಟರೂ ಇದ್ದಾನೆ. ಬೀದಿಯಲ್ಲಿ ಎದುರಾದರೆ ಒಬ್ಬರಿಗೂ ಗುರುತು ಹತ್ತುವುದಿಲ್ಲ. ಮೊದಲ ಸ್ನಾನ ಯಾವ ಮನುಷ್ಯನಿಗೂ ನೆನಪಿರುವುದಿಲ್ಲ. ಇಂಥವರಿಗೆ ಅದು ದೊಡ್ಡ ಅನುಕೂಲ.

ಆ ಮನೆ ಚಾಮುಂಡಮ್ಮನದು. ತಿರುಮಕೂಡಲು ಕಡೆಯ ಕಬ್ಬಿನ ಗದ್ದೆಯ ಮನೆತನ. ಗಂಡ ಎಂಜಿನಿಯರಾಗಿ ಮೈಸೂರಿಗೆ ಬಂದು, ಮನೆ ಕೊಂಡು, ಸಂಪಾದಿಸಿ ಸತ್ತ. ಚಾಮುಂಡಮ್ಮ ಊರಿನಿಂದ ಬರುವಾಗ ಒಂದು ಹಿತ್ತಾಳೆ ಹಂಡೆ, ಒಂದು ಒರಳು ತಂದಿದ್ದಳು. ಊರಾಚೆಯ ಕೇರಿಯನ್ನೂ ಗಂಟು ಕಟ್ಟಿಕೊಂಡು ತಂದಿದ್ದಳು. ಅದನ್ನು ಇಳಿಸಿದ್ದು ಹಿತ್ತಿಲಲ್ಲಿ. ಮುಂದಿನ ಗೇಟು ನೆಂಟರಿಗೆ, ಪಕ್ಕದ ಓಣಿಯ ಸಣ್ಣ ಬಾಗಿಲು ಜಯಮೇರಿಗೆ. ಜಯಮೇರಿಯ ಕಾಫಿ ಲೋಟಕ್ಕೆ ಬಚ್ಚಲ ಗೋಡೆಯಲ್ಲಿ ಒಂದು ಗೂಡು. ಇದೆಲ್ಲ ಯಾರೂ ಹೇಳಿ ಮಾಡಿಸಿದ್ದಲ್ಲ. ಗಾಳಿ ಹೇಗೆ ಇರುತ್ತದೋ ಹಾಗೆ ಇತ್ತು.

ಚಾಮುಂಡಮ್ಮನ ಮಗಳು ಸಿಂಚನ ಹೆರಿಗೆಗೆ ಬಂದಿದ್ದಳು. ದಿನ ತುಂಬುವ ಮೊದಲೇ ಗಂಡುಕೂಸು ಹುಟ್ಟಿತು. ಒದ್ದೆ ಬೆಕ್ಕಿನ ಮರಿಯಂತಿತ್ತು. ತಾಯಿಗೆ ಹಾಲಿಳಿಯಲಿಲ್ಲ. ಡಬ್ಬಿಯ ಪುಡಿ ಕಲಸಿ ಕೊಟ್ಟರೆ ಕಕ್ಕುತ್ತಿತ್ತು. ಆಸ್ಪತ್ರೆಯಲ್ಲಿದ್ದಷ್ಟು ದಿನ ಬೇರೆ ತಾಯಂದಿರು ಕೊಟ್ಟ ಹಾಲು ಸಿಗುತ್ತಿತ್ತು. ಮನೆಗೆ ಕಳಿಸಿದ ಮೇಲೆ, "ಇಲ್ಲಿರೋ ಕೂಸುಗಳಿಗೇ ಸಾಲ್ತಿಲ್ಲ, ನೀವೇ ಯಾರನ್ನಾದ್ರೂ ನೋಡ್ಕೊಳ್ಳಿ" ಅಂದರು.

"ನೆಂಟರಲ್ಲಿ ಯಾರೂ ಇಲ್ಲ ಕಣೆ ಜಯಮೇರಿ," ಅಂತ ಚಾಮುಂಡಮ್ಮ ಬಚ್ಚಲ ಬಾಗಿಲಲ್ಲಿ ಕಣ್ಣೊರೆಸಿಕೊಂಡಳು.

ಜಯಮೇರಿಯ ಕಾಲ ಮೇಲೆ ಕೂಸಿತ್ತು. ಬೆನ್ನುಮೂಳೆ ಎಣಿಸಬಹುದಿತ್ತು. "ನಮ್ಮ ಶೈನಿಗೆ ಸುರಿದೋಗ್ತಾ ಅದೆ ಕಣ್ರವ್ವ," ಅಂದುಬಿಟ್ಟಳು.

ಚಾಮುಂಡಮ್ಮ ಒಳಗೆ ಹೋಗಿ ಅಳಿಯನನ್ನು ಕೇಳಿದಳು. ಅಳಿಯ ಪುನೀತ್ ಮೊಬೈಲಿನಲ್ಲಿ ಹುಡುಕಿ ನೋಡಿ, ಆಗುತ್ತದೆ ಅಂದ.

ಶೈನಿಗೆ ಮೂರು ತಿಂಗಳ ಮಗಳಿದ್ದಳು. ಚರ್ಚಿನಲ್ಲಿ ನೀರು ಹೊಯ್ದು ಹೆಸರಿಡುವ ಜ್ಞಾನಸ್ನಾನ ಇನ್ನೂ ಆಗಿರಲಿಲ್ಲವಾದ್ದರಿಂದ ಎಲ್ಲರಿಗೂ ಅದು ಪಾಪು. ಶೈನಿ ಎಂ.ಎ. ಓದಿದ್ದಳು. ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಹೊಟ್ಟೆ ಕಾಣತೊಡಗಿದ ತಿಂಗಳು, ಮುಂದಿನ ವರ್ಷ ನೋಡೋಣ ಎಂದು ಕಳಿಸಿದ್ದರು. ಗಂಡ ಆಂಟೋ ಬೋಗಾದಿಯ ಹೊಸ ಬಡಾವಣೆಗಳಲ್ಲಿ ಮನೆಗಳಿಗೆ ಬಣ್ಣ ಬಳಿಯುತ್ತಾನೆ. ಅಮ್ಮ ಬಂದು ಹಾಲಿನ ಸುದ್ದಿ ಹೇಳಿದಾಗ ಶೈನಿ ಪಾಪುವಿಗೆ ಮೊಲೆ ಕೊಡುತ್ತಾ ಕೂತಿದ್ದಳು.

"ನನ್ನ ಕೇಳ್ದೆ ನನ್ನೆದೆ ಬಗ್ಗೆ ಹೇಳ್ಬಂದ್ಯಾ?"

"ಕೂಸು ಸತ್ತೋಯ್ತದೆ ಕಣೆ."

ಬಡವರ ಮನೆಯಲ್ಲಿ ವಾದಗಳು ಹೀಗೇ ಮುಗಿಯುತ್ತವೆ. ಯಾರೋ ಒಬ್ಬರು ಸಾವನ್ನು ತಂದು ನಡುವೆ ಇಡುತ್ತಾರೆ.

ಮಾರನೆಯ ದಿನ ಪುನೀತ್ ಕಾರಿನಲ್ಲಿ ಬಂದ. ಕಾರನ್ನು ದೊಡ್ಡ ರಸ್ತೆಯಲ್ಲೇ ಬಿಟ್ಟು, ಚರಂಡಿ ದಾಟಿಕೊಂಡು, ಪ್ಯಾಂಟಿನ ತುದಿ ಹಿಡಿದುಕೊಂಡು ಬಂದ. ಜೊತೆಗೆ ರಕ್ತ ತೆಗೆಯುವ ಹುಡುಗಿ. ಪುನೀತ್ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಕೋಚಿಂಗ್ ಸೆಂಟರ್ ನಡೆಸುತ್ತಾನೆ. ಸಂವಿಧಾನ ಅವನ ವಿಷಯ. ಅಸ್ಪೃಶ್ಯತೆ ನಿಷೇಧ ಎಷ್ಟನೆಯ ವಿಧಿ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾನೆ. ಒಂದು ಅಂಕದ ಪ್ರಶ್ನೆ ಅದು.

"ತಪ್ಪು ತಿಳ್ಕೋಬೇಡಿ ಮೇಡಂ. ಡಾಕ್ಟರು ಹೇಳವ್ರೆ. ಎಚ್‌ಐವಿ, ಜಾಂಡೀಸು, ಎಲ್ಲಾ ಒಂದ್ಸಲ..."

"ನಿಮ್ಮ ಹೆಂಡತೀದೂ ಮಾಡ್ಸಿದ್ರಾ?"

"ಅವಳಿಗೇನ್ರೀ? ನಮ್ಮನೆಯವಳಲ್ವಾ?" ಅಂದು ನಕ್ಕ. ತಾನು ಏನಂದೆ ಎಂಬುದು ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗದಿರುವುದರಲ್ಲಿ ಅವನಿಗೆ ಒಳ್ಳೆಯ ಅಭ್ಯಾಸವಿತ್ತು.

ಶೈನಿ ತೋಳು ಚಾಚಿದಳು. ಕೊಳವೆ ತುಂಬಿತು. ರಕ್ತದಲ್ಲಿ ಜಾತಿ ಸಿಗುವುದಿಲ್ಲ. ಸಿಗುವ ಹಾಗಿದ್ದರೆ ಅದಕ್ಕೂ ಒಂದು ಕೊಳವೆ ತುಂಬಿಸಿಕೊಂಡು ಹೋಗುತ್ತಿದ್ದರು. ಶೈನಿಯ ಮುತ್ತಜ್ಜ ಪಾದ್ರಿಯ ಮುಂದೆ ಮಂಡಿಯೂರಿ ಹೆಸರು ಬದಲಾಯಿಸಿಕೊಂಡಿದ್ದ. ತಲೆಯ ಮೇಲೆ ಹೊಯ್ದ ನೀರಿಗೆ ಹಳೆಯ ಹೆಸರು ತೊಳೆದುಹೋಯಿತು. ಬೇರೇನೂ ತೊಳೆಯಲಿಲ್ಲ. ಕೃಷ್ಣಮೂರ್ತಿಪುರಂನವರಿಗೆ ಜಯಮೇರಿಯ ಕೊರಳಲ್ಲಿದ್ದ ಶಿಲುಬೆ ಕಾಣುತ್ತಿರಲಿಲ್ಲ. ಅದರ ಹಿಂದಿನ ಕೇರಿ ಕಾಣುತ್ತಿತ್ತು.

ರಿಪೋರ್ಟು ಶುದ್ಧವಾಗಿ ಬಂತು. ಪುನೀತ್ ಒಂದು ಕೈಪಂಪು, ನಾಲ್ಕಾರು ಗಾಜಿನ ಬಾಟಲಿ, ಐಸಿನ ಚೀಲ ತಂದುಕೊಟ್ಟ. ಬಾಟಲಿಯನ್ನು ಹೇಗೆ ಕುದಿಸಬೇಕು, ಎಷ್ಟು ಹೊತ್ತು ಕುದಿಸಬೇಕು, ಕೈಯನ್ನು ಮೊಣಕೈವರೆಗೆ ಹೇಗೆ ತೊಳೆಯಬೇಕು ಎಂದು ನಿಂತುಕೊಂಡು ಪಾಠ ಹೇಳಿದ.

ಶೈನಿಯ ಬೆಳಗುಗಳು ಹೀಗಾದವು. ಎಡಗಡೆಯದು ಮಗಳಿಗೆ. ಬಲಗಡೆಯದು ಕೃಷ್ಣಮೂರ್ತಿಪುರಕ್ಕೆ. ಪಂಪಿನ ಬಾಯಿ ಮೊಲೆಯ ತೊಟ್ಟನ್ನು ಎಳೆದೆಳೆದು ಕೆಂಪಗೆ ಮಾಡುತ್ತಿತ್ತು. ತೊಟ್ಟು ಒಡೆದು ರಕ್ತ ಕಂಡ ದಿನ ತೆಂಗಿನೆಣ್ಣೆ ಹಚ್ಚಿಕೊಂಡು ಮತ್ತೆ ಒತ್ತಿದಳು. ಮಗಳ ಬಾಯಿಗೆ ಒಂದು ಬಿಸಿ ಇತ್ತು, ಒಂದು ಸ್ವಾರ್ಥವಿತ್ತು. ಪಂಪಿಗೆ ಏನೂ ಇರಲಿಲ್ಲ. ಅದು ಕಚ್ಚುತ್ತಿತ್ತು, ಬಿಡುತ್ತಿತ್ತು. ಮುಂಗೈ ಜೋಮು ಹಿಡಿಯುತ್ತಿತ್ತು. ಹಸಿವು ಮಾತ್ರ ವಿಪರೀತ. ರಾಗಿಮುದ್ದೆ ನುಂಗಿ ಏಳುವಷ್ಟರಲ್ಲಿ ಮತ್ತೆ ಹೊಟ್ಟೆ ಬೆನ್ನಿಗೆ ಹತ್ತುತ್ತಿತ್ತು.

ಆದರೂ ಒಂದು ಬಗೆಯ ಸಮಾಧಾನವಿತ್ತು, ಸುಳ್ಳೇಕೆ. ಕೂಸು ಕಕ್ಕುವುದು ನಿಂತಿದೆ, ಕೆನ್ನೆ ಬಂದಿದೆ ಎಂದು ಅಮ್ಮ ದಿನವೂ ಸುದ್ದಿ ತರುತ್ತಿದ್ದಳು. ತಾನು ನೋಡದ ಒಂದು ಕೂಸಿನ ಕೆನ್ನೆಯನ್ನು ಶೈನಿ ಮನಸ್ಸಿನಲ್ಲೇ ಮುಟ್ಟಿ ನೋಡುತ್ತಿದ್ದಳು. ಪುನೀತ್ ಒಮ್ಮೆ ಬಾಟಲಿಯ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ. ಕೆಳಗೆ, 'ಹಾಲಿಗೆ ಜಾತಿಯಿಲ್ಲ, ತಾಯ್ತನಕ್ಕೆ ಮತವಿಲ್ಲ' ಎಂದು ಬರೆದಿದ್ದ. ಶೈನಿಯ ಹೆಸರಿರಲಿಲ್ಲ. ಆಂಟೋ ನೋಡಿ, "ಪರವಾಗಿಲ್ವೇ, ನಿನ್ನ ಹಾಲು ಫೇಮಸ್ ಆಗ್ಬುಡ್ತು ಕಣೇ," ಎಂದು ರೇಗಿಸಿದ. ಶೈನಿಯೂ ನಕ್ಕಳು. ಆ ನಗು ನೆನೆದರೆ ಈಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತದೆ.

ಒಂದು ಬೆಳಿಗ್ಗೆ ಜಯಮೇರಿಗೆ ಸೊಂಟ ಹಿಡಿದುಕೊಂಡಿತು. ಚಾಪೆಯಿಂದ ಏಳಲಾಗಲಿಲ್ಲ, ಮಲಗಿದಲ್ಲಿಂದಲೇ ಚಾಮುಂಡಮ್ಮನಿಗೆ ಫೋನು ಮಾಡಿ ಹೇಳಿದಳು. ಶೈನಿ ಪಾಪುವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಐಸಿನ ಚೀಲ ಹಿಡಿದು, ತಾನೇ ಬಸ್ಸು ಹತ್ತಿದಳು.

ಪಕ್ಕದ ಓಣಿಯ ಸಣ್ಣ ಬಾಗಿಲು ಅವಳಿಗೆ ಗೊತ್ತಿತ್ತು. ಸಣ್ಣವಳಿದ್ದಾಗ ಅಮ್ಮನ ಜೊತೆ ಬಂದು ಅದೇ ಹಿತ್ತಿಲಲ್ಲಿ ಕೂತು ಹೋಂವರ್ಕ್ ಬರೆದಿದ್ದಳು. ಕಾಲು ತಾನಾಗಿ ಅತ್ತ ತಿರುಗಿತು. ಎಂ.ಎ. ಓದಿದ ಕಾಲು.

ಚಾಮುಂಡಮ್ಮ ಬಂದಳು. "ಓ, ನೀನಾ? ಪಾಪ, ಸೊಂಟವಂತಾ ನಿಮ್ಮವ್ವಂಗೆ? ಇಲ್ಲೇ ಮಡಗವ್ವ ಬಾಟ್ಲೀಯ," ಅಂದು ಬಟ್ಟೆ ಒಗೆಯುವ ಕಲ್ಲನ್ನು ತೋರಿಸಿದಳು. ಶೈನಿ ಕಲ್ಲಿನ ಮೇಲೆ ಇಟ್ಟಳು. ಚಾಮುಂಡಮ್ಮ ಒಳಗಿನಿಂದ ಒಂದು ಬೆಳ್ಳಿ ಬಟ್ಟಲು ತಂದಳು. ಬಾಟಲಿಯನ್ನು ಸೆರಗಿನ ತುದಿಯಲ್ಲಿ ಹಿಡಿದು ಹಾಲನ್ನು ಬಟ್ಟಲಿಗೆ ಬಗ್ಗಿಸಿದಳು. ಆಮೇಲೆ ಸೊಂಟದಿಂದ ಏನನ್ನೋ ತೆಗೆದು ಹಾಲಿನೊಳಗೆ ಹಾಕಿದಳು. ಕಣ್ಣು ಮುಚ್ಚಿ ತುಟಿ ಆಡಿಸಿದಳು.

ಹಸಿರಾಗಿತ್ತು. ಮೂರೆಸಳಿನ ಹುಲ್ಲು.

"ಏನದು ಅಮ್ಮಾವ್ರೆ?"

"ಗರಿಕೆ ಕಣವ್ವ."

"ಯಾಕೆ?"

"ಗ್ರಹಣದಲ್ಲಿ ಹಾಲು ಮೊಸರಿಗೆ ಹಾಕಕಿಲ್ವಾ? ಅಂಗೇ."

"ಇವತ್ತು ಗ್ರಹಣಾನಾ?"

ಚಾಮುಂಡಮ್ಮ ನಕ್ಕಳು. ಒಳ್ಳೆಯ ನಗು. ಅದರಲ್ಲಿ ವಿಷವಿರಲಿಲ್ಲ, ಅದೇ ಕೆಟ್ಟದ್ದು. "ಗ್ರಹಣ ಎಲ್ ಬಂತು ಬುಡು. ನಿಮ್ಮೋರ ಹಾಲಲ್ವಾ? ನಮ್ಮ ದೇವ್ರಿಗೆ ನಡ್ಕೊಳೋ ಕೂಸು. ಒಂದೆಸಳು ಹಾಕ್ಬುಟ್ರೆ ಎಲ್ಲಾ ಕಳ್ದೋಯ್ತದೆ. ಮನಸ್ಸಿಗೆ ಸಮಾಧಾನ ಅಷ್ಟೇಯ. ತಪ್ಪು ತಿಳ್ಕಬ್ಯಾಡ ಕಣವ್ವ, ನೀನು ಓದಿರೋಳು."

ಈ ಮನೆಯಲ್ಲಿ ಯಾರು ಏನು ಮಾಡಿದರೂ ಶೈನಿ ತಪ್ಪು ತಿಳಿಯಬಾರದಿತ್ತು. ಆ ಕೆಲಸವನ್ನೂ ಅವಳೇ ಮಾಡಬೇಕಿತ್ತು.

ಅಡಿಗೆಮನೆಯ ಕಿಟಕಿಯಲ್ಲಿ ಸಿಂಚನ ನಿಂತಿದ್ದಳು. ತಲೆಗೆ ಬಾಣಂತಿ ಬಟ್ಟೆ, ತೋಳಲ್ಲಿ ಕೂಸು. ಎಲ್ಲವನ್ನೂ ನೋಡುತ್ತಿದ್ದಳು. ಶೈನಿಯ ಕಣ್ಣು ಸಿಕ್ಕಿದ ಕೂಡಲೇ ಕೂಸಿನ ಟೋಪಿ ಸರಿಮಾಡತೊಡಗಿದಳು. ಟೋಪಿ ಸರಿಯಾಗಿಯೇ ಇತ್ತು.

ಶೈನಿ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಖಾಲಿ ಬಾಟಲಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು. ಚೀಲಕ್ಕೆ ಹಾಕಿಕೊಂಡು, "ಬರ್ತೀನಿ" ಅಂದಳು. ಹೌದು, ಬರ್ತೀನಿ ಅಂದಳು. ಬಸ್ಸಿನಲ್ಲಿ ಕೂತ ಮೇಲೆ ಗಂಟಲಲ್ಲಿ ಮಾತು ಬಂತು, ಒಂದರ ಹಿಂದೆ ಒಂದು, ಚೆನ್ನಾಗಿ ಹರಿತವಾಗಿ. ಬಸ್ಸಿನಲ್ಲಿ ಕೇಳುವವರು ಯಾರು?

ತಾಯಂದಿರು ಹಾಲಿನ ಜೊತೆ ಇನ್ನೇನನ್ನೋ ಕುಡಿಸುತ್ತಾರೆ ಎಂದು ಅವಳಿಗೆ ಅನಿಸಿತು. ಜಯಮೇರಿ ತನಗೆ ಸುಮ್ಮನಿರುವುದನ್ನು ಕುಡಿಸಿದ್ದಳು. ಚಾಮುಂಡಮ್ಮ ಮಗಳಿಗೆ ಸುಮ್ಮನೆ ನೋಡುವುದನ್ನು ಕುಡಿಸಿದ್ದಳು. ಹುಲ್ಲು ಹಾಕಬೇಕಾದದ್ದು ಆ ಹಾಲಿಗೆ. ಬಾಟಲಿಯನ್ನು ಕುದಿಸಿ, ಕೈಯನ್ನು ಮೊಣಕೈವರೆಗೆ ತೊಳೆದು, ಹಿಂಡಿ ಕಳಿಸಿದ ಹಾಲಿಗೆ ನಾಯಿ ಕಾಲೆತ್ತುವ ಕಾಂಪೌಂಡಿನ ಹುಲ್ಲು! ಮನೆಗೆ ಬರುವ ಪ್ಯಾಕೆಟ್ಟಿನ ಹಾಲನ್ನು ಯಾರ ಹಸು ಕೊಟ್ಟಿತು, ಯಾರ ಕೈ ಕರೆಯಿತು, ಯಾರೂ ಕೇಳುವುದಿಲ್ಲ. ಅದು ಯಾವ ಕೇರಿಯ ಕೊಟ್ಟಿಗೆಯಿಂದ ಬಂದರೂ ನೇರ ದೇವರ ಮನೆಗೆ ಹೋಗುತ್ತದೆ.

ಮನೆಯಲ್ಲಿ ಜಯಮೇರಿ ಮಗ್ಗುಲಾಗಿ ಮಲಗಿದ್ದಳು. ಸೊಂಟದ ಮೇಲೆ ಬಿಸಿ ಉಪ್ಪಿನ ಗಂಟು.

"ಹಾಲಿಗೆ ಗರಿಕೆ ಹಾಕ್ತಾರೆ. ನಿಂಗೊತ್ತಾ?"

ಜಯಮೇರಿ ಉಪ್ಪಿನ ಗಂಟನ್ನು ಕೊಂಚ ಆಚೆ ಸರಿಸಿಕೊಂಡಳು. ಅವಳು ಹೀಗೆ ಏನನ್ನಾದರೂ ಸರಿಸಿದಳೆಂದರೆ ಗೊತ್ತಿದೆ ಎಂದು ಅರ್ಥ.

"ಯಾವತ್ತಿಂದ?"

"ಮೊದಲ್ನೇ ದಿನದಿಂದ್ಲೂವೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕೊಡ್ತಿದ್ಯಾ?"

ಶೈನಿ ಗೋಡೆಗೆ ಒರಗಿ ಕೂತಳು. ಪಾಪು ಸೆರಗಿನಲ್ಲಿ ನಿದ್ದೆ ಹೋಗಿತ್ತು. ಏನೋ ಹೊಳೆದು, "ಆ ಹುಲ್ಲನ್ನ ಯಾರು ಕೀಳ್ತಾರೆ?" ಅಂದಳು.

ಜಯಮೇರಿ ಗೋಡೆಯ ಕಡೆ ಮುಖ ತಿರುಗಿಸಿದಳು. "ಅವ್ರಿಗೆ ಮಂಡಿ ನೋವು. ಬಗ್ಗಕ್ಕಾಗಕಿಲ್ಲ."

"ನಿಂಗೆ ಸೊಂಟ ಇಲ್ವಾ?"

ಜಯಮೇರಿ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದಳು.

"ನೀನೇ ಕಿತ್ಕೊಡ್ತೀಯ. ನಿನ್ನ ಮಗಳ ಹಾಲಿನ ಮೈಲಿಗೆ ಕಳೆಯೋಕೆ, ನೀನು ನಿನ್ನ ಕೈಯಾರೆ."

"ಅವ್ರು ಕೇಳುದ್ರು. ಕಿತ್ಕೊಟ್ಟೆ. ಇವತ್ತಿಂದ್ನೂ ನೆನ್ನೇನೆ ಕಿತ್ತು ಮಡಗಿದ್ದೆ."

ಶೈನಿಗೆ ನಗು ಬಂತು. ತಡೆಯಲಾಗದ, ಹೊಟ್ಟೆ ಹುಣ್ಣಾಗುವ ನಗು. ಜಯಮೇರಿಯ ಬೆರಳು ಮುಟ್ಟಿದ ಹುಲ್ಲು ಪವಿತ್ರ, ಜಯಮೇರಿಯ ಮಗಳ ಹಾಲು ಅಪವಿತ್ರ. ಈ ಲೆಕ್ಕವನ್ನು ಆ ಮನೆಯಲ್ಲಿ ಒಬ್ಬರೂ ಒಂದು ಸಲವೂ ಕೂಡಿ ನೋಡಿರಲಿಲ್ಲ. ಕೋಚಿಂಗ್ ಸೆಂಟರಿನವನೂ ನೋಡಿರಲಿಲ್ಲ. ಇಂಥ ದಡ್ಡರಿಗೆ ತಲೆ ತಗ್ಗಿಸಿಕೊಂಡು ಅಮ್ಮನ ಆಯುಷ್ಯ ಕಳೆದುಹೋಯಿತೇ? ದಡ್ಡರಿಗೆ?

"ಯಾಕಂಗೆ ನಗ್ತೀಯೇ? ಹುಲ್ಲು ತಾನೇ? ವಿಷ ಹಾಕುದ್ರಾ? ಹಸ ಮೇಯೋ ಹುಲ್ಲು."

"ನಾನು ಹಸಾನಾ?"

"ಹಸಾನಾದ್ರೆ ಅರಿಶಿನ ಕುಂಕುಮ ಇಟ್ಟು ಕೈ ಮುಗೀತಾರೆ ಬುಡು," ಅಂದಳು ಜಯಮೇರಿ.

ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಹೊರಗೆ ಯಾರದೋ ಕುಕ್ಕರು ಕೂಗಿತು. ಜಯಮೇರಿ ಗೋಡೆಗೇ ಹೇಳುವವಳಂತೆ ಹೇಳಿದಳು: "ಕೂಸು ಏನ್ ಮಾಡ್ತು ಶೈನಿ? ಅದಕ್ಕೆ ಗರಿಕೆ ಗೊತ್ತಾ, ಕೇರಿ ಗೊತ್ತಾ? ನಾಳೆ ಹಾಲಿಲ್ಲ ಅಂದ್ರೆ ಕೂಗಿ ಕೂಗಿ ನೀಲಿಯಾಯ್ತದೆ. ಅದರ ಶಾಪ ನಮ್ಗೆ ಬ್ಯಾಡ."

"ಕೊಡಲ್ಲ ಅಂದ್ನಾ? ಕೂಸಿಗೆ ಕೊಡ್ತೀನಿ. ಆ ಬಟ್ಟಲಿಗೆ ಕೊಡಲ್ಲ."

"ಅಂಗಂದ್ರೆ?"

"ಎದೆಗೆ ಹಾಕ್ಕೊಂಡು ಕುಡಿಸ್ತೀನಿ. ಬೇಕಾದ್ರೆ ಕುಡಿಸಿಕೊಳ್ಳಲಿ."

ಜಯಮೇರಿ ಸೊಂಟ ಹಿಡಿದುಕೊಂಡೇ ಎದ್ದು ಕೂತಳು. "ಅಯ್ಯೋ ಏಸುವೇ, ಅವ್ರು ಒಪ್ತಾರಾ? ಉಂಡ ಮನೆ ಜಂತೆ ಎಣಿಸ್ಬಾರ್ದು ಕಣೇ. ಆ ಮನೆ ಬಚ್ಚಲಲ್ಲಿ ದುಡ್ದೇ ನಿನ್ನ ಓದ್ಸಿದ್ದು."

"ಉಂಡಿದ್ದು ಯಾವಾಗ? ಒಂದು ದಿನ ಒಳಗೆ ಕೂರಿಸಿ ಊಟ ಹಾಕಿದಾರಾ? ಹೊರಗಿರೋಳಿಗೆ ಜಂತೆ ಎಲ್ಲಿ ಕಾಣುತ್ತೆ?"

ಆಂಟೋ ಸಂಜೆ ಬಂದು ವಿಷಯ ಕೇಳಿದ. ಉಗುರಿನ ಸಂದಿನ ಬಣ್ಣ ಕೆರೆಯುತ್ತಾ, "ಹಾಲು ನಿಂದು. ನಂದೇನದೆ ಅದ್ರಲ್ಲಿ? ಹೋಗು, ಆದ್ರೆ ಸಣ್ಣ ಬಾಗಿಲಲ್ಲಿ ಹೋಗ್ಬೇಡ," ಅಂದ.

ಬೆಳಿಗ್ಗೆ ಶೈನಿ ಪಂಪು ಮುಟ್ಟಲಿಲ್ಲ. ಬಲಗಡೆಯ ಎದೆ ಕಲ್ಲಾಗಿತ್ತು. ಪಾಪುವನ್ನು ಎತ್ತಿಕೊಂಡು ಹೊರಟಳು. ಬಸ್ ನಿಲ್ದಾಣದಲ್ಲಿ ತಿರುಗಿ ನೋಡಿದರೆ ಜಯಮೇರಿ ಕುಂಟುತ್ತಾ ಹಿಂದೆ ಬರುತ್ತಿದ್ದಳು. ಮಗಳ ಬಾಯಿ ಮುಚ್ಚಿಸಲು ಬರುತ್ತಿದ್ದಳೋ, ಮಗಳ ಜೊತೆ ಬರುತ್ತಿದ್ದಳೋ, ಅವಳಿಗೇ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು.

ಚಾಮುಂಡಮ್ಮನ ಮನೆಯ ಓಣಿ ಬಂದಾಗ ಜಯಮೇರಿಯ ಹೆಜ್ಜೆ ಬಲಕ್ಕೆ ಹೊರಳಿತು. ಶೈನಿ ನೇರ ಹೋದಳು. ಗೇಟು ತೆಗೆದಳು. ಕೆಂಪು ಗಾರೆಯ ಜಗುಲಿ ಹತ್ತಿ ಗಂಟೆ ಒತ್ತಿದಳು. ಒಳಗೆ ಕೂಸು ಅಳುತ್ತಿತ್ತು.

ಪುನೀತ್ ಬಾಗಿಲು ತೆಗೆದ. "ಬಂದ್ರಾ? ಸದ್ಯ. ಬಾಟ್ಲಿ ಆ ಕಡೆಯಿಂದ..."

"ಬಾಟ್ಲಿ ತಂದಿಲ್ಲ. ನಾನೇ ಬಂದಿದೀನಿ. ಕೂಸು ಕೊಡಿ, ಕುಡಿಸ್ತೀನಿ."

ಪುನೀತನಿಗೆ ಈ ಪ್ರಶ್ನೆ ಸಿಲಬಸ್ಸಿನಲ್ಲಿ ಇರಲಿಲ್ಲ. "ಅಂದ್ರೆ... ಡೈರೆಕ್ಟಾಗಿ?"

"ದೇವರು ಅದನ್ನ ಡೈರೆಕ್ಟಾಗೇ ಮಾಡಿರೋದು ಸಾರ್."

ಚಾಮುಂಡಮ್ಮ ಅವನ ಬೆನ್ನ ಹಿಂದೆ ಕಾಣಿಸಿಕೊಂಡಳು. ಮುಂಬಾಗಿಲಲ್ಲಿ ಶೈನಿಯನ್ನು ನೋಡಿದಳು. ಗೇಟಿನ ಹತ್ತಿರ ಕಂಬದ ಹಾಗೆ ನಿಂತ ಜಯಮೇರಿಯನ್ನು ನೋಡಿದಳು. "ಏನೇ ಇದು ಜಯಮೇರಿ? ಏನ್ ಹೊಸ ಆಟ? ಹೊತ್ತಾರೆಯಿಂದ ಕೂಸು ಅರಚ್ಕಂತಾ ಅದೆ!"

"ಆಟ ಅಲ್ಲಮ್ಮ," ಅಂದಳು ಶೈನಿ. "ಕೂಸು ನನ್ನ ಮಡಿಲಿಗೆ ಬರಲಿ. ಇನ್ಮೇಲೆ ಹುಲ್ಲಿಲ್ಲ, ಬಟ್ಟಲಿಲ್ಲ. ದಿನಾ ಬರ್ತೀನಿ. ಇದೇ ಬಾಗಿಲಿಂದ."

"ನಿನ್ನ ಮೊಲೆಗೆ ನಮ್ಮ ಕೂಸು ಹಾಕಬೇಕಾ?"

"ಹಾಲು ಅಲ್ಲಿಂದ್ಲೇ ಬರ್ತಿತ್ತು. ಎಲ್ಲಿಂದ ಅನ್ಕೊಂಡಿದ್ರಿ?"

"ನೋಡಿ ಮೇಡಂ," ಪುನೀತ್ ಎರಡು ಕೈ ಜೋಡಿಸಿದ, "ನಾನು ಇದನ್ನೆಲ್ಲ ನಂಬೋನಲ್ಲ. ನಿಮಗೂ ಗೊತ್ತು. ಹಳೇ ಕಾಲದವ್ರು, ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳಿ. ಮಾನವೀಯತೆಯಿಂದ ಯೋಚನೆ ಮಾಡಿ."

"ನಂಬದೇ ಇದ್ರೆ ಆ ಬಟ್ಟಲಿಂದ ಹುಲ್ಲು ತೆಗೆದು ಬಿಸಾಕಬಹುದಿತ್ತಲ್ಲ? ಒಂದು ದಿನ?"

ಅವನು ಜೇಬಿನೊಳಗಿನ ಮೊಬೈಲನ್ನು ಮುಟ್ಟಿಕೊಂಡ. ಉತ್ತರ ಅಲ್ಲಿರುವ ಹಾಗೆ.

ಆಗ ಒಳಗಿನಿಂದ ಕೂಸು ಒಮ್ಮೆಲೇ ಜೋರಾಗಿ ಚೀರಿತು. ಉಸಿರು ಕಟ್ಟಿ, ನಿಂತು, ಮತ್ತೆ ಚೀರಿತು. ಶೈನಿ ತಡೆಯುವ ಮೊದಲೇ ಎದೆಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ಹಾಲು ಇಳಿಯಿತು. ರವಿಕೆ ಒದ್ದೆಯಾಯಿತು, ಸೆರಗು ಒದ್ದೆಯಾಯಿತು. ಕೈ ಒತ್ತಿ ಹಿಡಿದರೂ ನಿಲ್ಲಲಿಲ್ಲ. ಬಟ್ಟಲಿಗೆ ಕೊಡುವುದಿಲ್ಲ ಎಂದು ನಿಂತವಳ ಮೈ ಅವಳನ್ನು ಕೇಳದೆ ಕೊಡುತ್ತಿತ್ತು. ಬಿಳಿಯ ಹನಿಗಳು ಕೆಂಪು ಗಾರೆಯ ಮೇಲೆ ಟಪ್ ಟಪ್ ಎಂದು ಬಿದ್ದವು. ನಾಚಿಕೆಯಿಂದ ಅವಳ ಕಿವಿ ಸುಟ್ಟಿತು. ಯಾವುದಕ್ಕೆ ನಾಚಿಕೆ ಎಂದು ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಚಾಮುಂಡಮ್ಮ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಅವಳ ಕಣ್ಣು ಶೈನಿಯ ಮುಖದ ಮೇಲಿರಲಿಲ್ಲ, ನೆಲದ ಮೇಲಿತ್ತು.

"ಜಯಮೇರಿ! ಒರಸೇ ಅದನ್ನ. ಯಾರಾದ್ರೂ ತುಳುದ್ಬುಟ್ಟಾರು."

ಜಯಮೇರಿ ಗೇಟಿನಿಂದ ಬಂದಳು. ಹೇಳಿದ ಕೂಡಲೇ ಬಂದಳು. ಕಂಬಿಯ ಮೇಲೆ ಒಣಗಿಹಾಕಿದ್ದ ನೆಲದ ಬಟ್ಟೆಯನ್ನು ಎಳೆದುಕೊಂಡಳು. ಒಂದು ಕೈ ಸೊಂಟಕ್ಕೆ ಕೊಟ್ಟು, ಹಲ್ಲು ಕಚ್ಚಿ, ಬಗ್ಗಿದಳು. ಶೈನಿ ಅಮ್ಮನ ನೆತ್ತಿಯನ್ನು ನೋಡಿದಳು. ಬೈತಲೆಯ ಉದ್ದಕ್ಕೂ ಕೂದಲು ಉದುರಿತ್ತು. ಅಷ್ಟು ಹತ್ತಿರದಿಂದ ಅವಳು ಅದನ್ನು ಎಂದೂ ನೋಡಿರಲಿಲ್ಲ.

ಬಟ್ಟೆ ನೆಲ ಮುಟ್ಟಲಿಲ್ಲ. ಜಯಮೇರಿ ಆ ಹನಿಗಳನ್ನು ನೋಡುತ್ತಾ ಹಾಗೇ ಬಗ್ಗಿ ನಿಂತಿದ್ದಳು. ಏನು ನೆನೆದಳೋ. ಶೈನಿ ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಜಯಮೇರಿ ಮೆಲ್ಲಗೆ ನೆಟ್ಟಗಾದಳು. ಬಟ್ಟೆಯನ್ನು ನೀಟಾಗಿ ಮಡಿಸಿ ಕಂಬಿಯ ಮೇಲೆ ಹಾಕಿದಳು.

"ನಡಿ, ಹೋಗವ," ಅಂದಳು ಮಗಳಿಗೆ.

"ಏಯ್! ಜಯಮೇರಿ!"

ಅವರು ಮೆಟ್ಟಿಲಿಳಿದರು. ಗೇಟು ದಾಟಿದರು. ಹಿಂದಿನಿಂದ ಅಳು ಹತ್ತಿರ ಬರತೊಡಗಿತು. ಶೈನಿ ತಿರುಗಿದಳು. ಸಿಂಚನ ಬರಿಗಾಲಲ್ಲಿ ಓಡಿ ಬರುತ್ತಿದ್ದಳು. ಮೈಮೇಲೆ ನೈಟಿ. ತಲೆಯ ಬಟ್ಟೆ ಬಿಚ್ಚಿ ಜೋತಾಡುತ್ತಿತ್ತು. ತೋಳಲ್ಲಿ ಕೂಸು ಬಾಯಿ ತೆರೆದುಕೊಂಡು ನೀಲಿಗೆ ತಿರುಗುತ್ತಿತ್ತು. ಅಮ್ಮನನ್ನು ದಾಟಿ, ಗಂಡನನ್ನು ದಾಟಿ ಬಂದಿದ್ದಳು. ಅಷ್ಟು ದೂರ ಬಂದವಳು ಏನನ್ನಬೇಕು?

"ಆ ತಿರುವಲ್ಲಿ ಹೋಗೋಣ ಬನ್ನಿ. ಮುಚ್ಚಿರೋ ಅಂಗಡಿ ಹಿಂದೆ. ಇಲ್ಲಿ ಎಲ್ರೂ ನೋಡ್ತಾರೆ."

ಶೈನಿ ಅವಳನ್ನು ನೋಡಿದಳು. ಬೆವೆತ ಮುಖ, ಒಡೆದ ತುಟಿ, ಹಾಲಿಲ್ಲದ ಎದೆ. ಮರುಕ ಬಂತು. ಮರುಕದ ಹಿಂದೆಯೇ ತಿರಸ್ಕಾರವೂ ಬಂತು, ಅದೇ ಹೆಚ್ಚು ಹೊತ್ತು ನಿಂತಿತು. ಪಾಪುವನ್ನು ಅಮ್ಮನ ತೋಳಿಗೆ ಕೊಟ್ಟಳು. ಚಾಮುಂಡಮ್ಮನ ಗೇಟಿನ ಎದುರಿಗೇ, ಚರಂಡಿಯ ಮೇಲೆ ಹಾಸಿದ್ದ ಕಲ್ಲುಚಪ್ಪಡಿಯ ಮೇಲೆ ಕೂತಳು. ಚಪ್ಪಡಿ ಆಗಲೇ ಕಾದಿತ್ತು.

"ಕೊಡಿ ಇಲ್ಲಿ."

ಸಿಂಚನ ಆಚೀಚೆ ನೋಡಿದಳು. ಹೂವಿನವಳು ಬುಟ್ಟಿ ಇಳಿಸಿ ನಿಂತಿದ್ದಳು. ವಾಕಿಂಗ್ ಮುಗಿಸಿ ಬರುತ್ತಿದ್ದ ಮುದುಕರಿಬ್ಬರು ನಿಂತಿದ್ದರು. ಕೂಸಿಗೆ ಮತ್ತೆ ಉಸಿರು ಕಟ್ಟಿತು. ಸಿಂಚನ ಕೊಟ್ಟಳು.

ಕೂಸಿಗೆ ಮೊಲೆ ಹಿಡಿಯಲು ಬರುತ್ತಿರಲಿಲ್ಲ. ತಲೆ ಅತ್ತಿತ್ತ ಬಡಿದುಕೊಂಡಿತು, ಜಾರಿತು, ಸಿಟ್ಟಿನಿಂದ ಕೂಗಿತು. ಶೈನಿ ಅದರ ಗಲ್ಲ ಒತ್ತಿ ಬಾಯಿ ಅಗಲಿಸಿ ಕೊಟ್ಟಳು. ಕಚ್ಚಿತು. ಒಡೆದ ತೊಟ್ಟು ಉರಿದು ಅವಳ ಕಣ್ಣಲ್ಲಿ ನೀರು ಬಂತು. ಅಳು ನಿಂತಿತು. ಗುಟುಕರಿಸುವ ಸದ್ದು ಬೀದಿಗೇ ಕೇಳುವಷ್ಟು ಜೋರಾಗಿತ್ತು.

"ಯಾರ ಕೂಸವ್ವ ಅದು?" ಹೂವಿನವಳು ಕೇಳಿದಳು.

"ಈ ಮನೇದು," ಅಂದಳು ಶೈನಿ. ಗಲ್ಲವೆತ್ತಿ ಗೇಟನ್ನು ತೋರಿಸಿದಳು.

ಗೇಟಿನ ಒಳ ಬದಿಗೆ ಚಾಮುಂಡಮ್ಮ ಬಂದು ಕಂಬಿ ಹಿಡಿದು ನಿಂತಿದ್ದಳು. ಮುದುಕರನ್ನು ನೋಡಿದಳು, ಎದುರು ಮನೆಯ ಮಹಡಿಯನ್ನು ನೋಡಿದಳು. ಅಲ್ಲಿ ಯಾರೋ ಪರದೆ ಸರಿಸುತ್ತಿದ್ದರು. ಅವಳ ದನಿ ಇಳಿದುಹೋಯಿತು.

"ಒಳೀಕೆ ಬಾ ಕಣವ್ವ. ಬೀದೀಲಿ ಏನಿದು, ಮಾನ ಹೋಯ್ತದೆ. ಜಗುಲಿ ಮ್ಯಾಲೆ ಕೂತ್ಕೊ ಬಾ." ಶೈನಿ ಅಲ್ಲಾಡಲಿಲ್ಲ. "ಹಾಲ್‌ಗೇ ಬಾ. ಸೋಫಾ ಮ್ಯಾಲೆ ಕೂತ್ಕೊಂಡು ಕುಡುಸು, ಯಾರ್ ಬ್ಯಾಡ ಅಂದೋರು? ನಿನ್ನ ದಮ್ಮಯ್ಯ. ಜಯಮೇರಿ, ನೀನಾದ್ರೂ ಹೇಳೇ ಇವಳ್ಗೆ. ಇಬ್ರೂ ಬನ್ನಿ, ಮುಂದಿನ ಬಾಗ್ಲಲ್ಲೇ ಬನ್ನಿ."

ಜಯಮೇರಿ ಸೊಂಟ ಹಿಡಿದುಕೊಂಡು ಮಗಳ ಪಕ್ಕ ಚಪ್ಪಡಿಯ ಮೇಲೆ ಕೂತಳು. ಮೊಮ್ಮಗಳನ್ನು ಮಡಿಲಲ್ಲಿ ಸರಿಯಾಗಿ ಮಲಗಿಸಿಕೊಂಡು, ಸೆರಗಿನಿಂದ ಅದರ ಮುಖಕ್ಕೆ ನೆರಳು ಮಾಡಿದಳು. ಆಮೇಲೆ ತಲೆಯೆತ್ತಿ ಗೇಟಿನ ಕಡೆ ನೋಡಿದಳು.

"ನೀವು ಒಳೀಕೋಗಿ ಅವ್ವಾರೆ," ಅಂದಳು. "ಬಿಸ್ಲು."